ಆಪ್ತಸಲಹೆ ಪ್ರಕರಣ: ಮೊಬೈಲ್‌ನಲ್ಲಿ ಇನ್ಶೂರೆನ್ಸ್ ಕಮ್ಮಿಗೆ ಸಿಗುತ್ತೆ ಅಂತ ಗಿರಾಕಿಗಳು ಹೋಗ್ತಿದ್ದಾಗ

ಇವರನ್ನ ಮಂಜಣ್ಣ ಅಂತ ಕರೆಯೋಣ. ಹೆಸರು, ಊರು, ಒಂದೆರಡು ವಿವರ ಬದಲಾಯಿಸಿದೀನಿ, ಅವರ ಒಪ್ಪಿಗೆ ಕೇಳಿಯೇ ಬರೀತಿರೋದು. ವಯಸ್ಸು ಐವತ್ತು ದಾಟಿದೆ, ದಾವಣಗೆರೆ ಕಡೆ ಒಂದು ತಾಲ್ಲೂಕು ಊರಲ್ಲಿ ತುಂಬಾ ವರ್ಷದಿಂದ ಇನ್ಶೂರೆನ್ಸ್ ಏಜೆಂಟು, ಗಾಡಿ ಮತ್ತೆ ಹೆಲ್ತ್ ಪಾಲಿಸಿನೇ ಜಾಸ್ತಿ. ನನ್ನ ಹತ್ರ ಬಂದಿದ್ದು ವ್ಯಾಪಾರದ ಸಲಹೆಗಲ್ಲ, ನಿದ್ದೆ ಬರಲ್ಲ ಅಂತ, ಅದೂ ಹೆಂಡತಿ ಎಳ್ಕೊಂಡು ಬಂದಿದ್ದಕ್ಕೆ. ನಡುರಾತ್ರಿ ಎದ್ದು ರಿನ್ಯೂವಲ್ ಡೈರಿ ತೆಗೆದು ಕೂರ್ತಾರಂತೆ, ಬಿಟ್ಟು ಹೋದವರ ಹೆಸರಿಗೆ ಕೆಂಪು ಪೆನ್ನಲ್ಲಿ ಗೀಟು ಹಾಕ್ತಾರಂತೆ.

ಮಾತಾಡ್ತಾ ಮಾತಾಡ್ತಾ ಮೂರು ವಿಷಯ ಹೊರಗೆ ಬಂತು. ಒಂದು, ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರೋ ಸ್ವಂತ ಮಗ ಹೊಸ ಕಾರಿಗೆ ಆ್ಯಪ್‌ನಲ್ಲೇ ಇನ್ಶೂರೆನ್ಸ್ ಮಾಡಿಸ್ಕೊಂಡಿದ್ದ, ಅಪ್ಪಂಗೆ ಹೇಳಿರಲಿಲ್ಲ. ಎರಡು, ಗಿರಾಕಿ ಉಳಿಸ್ಕೊಳ್ಳೋಕೆ ಇವರು ತಮ್ಮ ಕಮಿಷನ್ನಲ್ಲಿ ಅರ್ಧ ವಾಪಸ್ ಕೊಡೋಕೆ ಶುರು ಮಾಡಿದ್ರು. ಮೂರನೇದು ಹೇಳೋವಾಗ ಮುಖ ಆಚೆ ತಿರುಗಿಸಿದ್ರು: ಆನ್‌ಲೈನ್‌ಗೆ ಹೋಗಿದ್ದ ಹಳೇ ಗಿರಾಕಿಯೊಬ್ಬರು ಆಸ್ಪತ್ರೆ ಕ್ಲೇಮ್ ರಿಜೆಕ್ಟ್ ಆಗಿದೆ ಏನಾದ್ರೂ ಮಾಡು ಮಂಜಣ್ಣ ಅಂತ ಮನೆ ಬಾಗಿಲಿಗೆ ಬಂದಾಗ "ಮೊಬೈಲ್‌ನ್ನೇ ಕೇಳ್ಕೊಳ್ಳಿ" ಅಂದುಬಿಟ್ಟಿದ್ರು. ನಿದ್ದೆ ಹೋಗಿದ್ದು ಅವತ್ತಿಂದ. ದುಡ್ಡಿನ ಚಿಂತೆ ಇತ್ತು ನಿಜ, ಆದ್ರೆ ಚುಚ್ತಾ ಇದ್ದಿದ್ದು ಈ ಮಾತು.

ಆಪ್ತಸಲಹೆಗೆ ಬರೋ ಮುಂಚೆ ನಾನು ಒಂದು ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ಸೆಕ್ಷನ್ನಲ್ಲಿ ಕೆಲಸ ಮಾಡಿದವಳು, ಹಾಗಾಗಿ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸೋಕೆ ಮನಸ್ಸಾಗಲಿಲ್ಲ. (ಅದನ್ನೂ ಹೇಳಿಕೊಟ್ಟೆ, ರಾತ್ರಿ ಡೈರಿ ಹೆಂಡತಿ ಬೀರುವಿನಲ್ಲಿರಲಿ ಅಂತಲೂ ಹೇಳಿದೆ.) ಅವರು ಯಾಕೆ ಸೋಲ್ತಿದಾರೆ ಅಂತ ಇಬ್ಬರೂ ಕೂತು ನೋಡೋಣ ಅಂತ, ಬಿಟ್ಟು ಹೋದ ಒಬ್ಬ ಮೇಷ್ಟ್ರ ಕಾರಿನ ಎರಡು ಕೋಟೇಶನ್ ತರೋಕೆ ಹೇಳಿದೆ, ಇವರದ್ದೊಂದು, ಮೇಷ್ಟ್ರು ಇವರಿಗೇ ವಾಟ್ಸಾಪ್ ಮಾಡಿದ್ದ ಆನ್‌ಲೈನ್‌ದೊಂದು.

ಆನ್‌ಲೈನ್‌ದು ಎರಡು ಸಾವಿರ ಚಿಲ್ಲರೆ ಕಮ್ಮಿ ಇತ್ತು. 1200 ಸಿಸಿ ಕಾರು, ಥರ್ಡ್ ಪಾರ್ಟಿ (ನಮ್ಮ ಕಾರಿಂದ ಬೇರೆಯವರಿಗೆ ಆಗೋ ನಷ್ಟದ ಕವರ್) 3,416 ಎರಡೂ ಕಡೆ ಒಂದೇ, ಅದು ಸರ್ಕಾರ ನಿಗದಿ ಮಾಡೋ ರೇಟು, ಯಾವ ಆ್ಯಪೂ ಇಳಿಸೋಕಾಗಲ್ಲ. ಹಾಗಾದ್ರೆ ಕಮ್ಮಿ ಆಗಿದ್ದೆಲ್ಲಿ? ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟೋ ಬೆಲೆ) ಎಂಬತ್ತು ಸಾವಿರ ಇಳಿಸಿತ್ತು, ಅಂದ್ರೆ ಕಾರು ಕಳುವಾದ್ರೆ ಕೈಗೆ ಬರೋ ದುಡ್ಡೇ ಅಷ್ಟು ಕಮ್ಮಿ. ಜೀರೋ ಡೆಪ್, ಅಂದ್ರೆ ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡೋ ಕವರ್, ಇರಲಿಲ್ಲ, ಅದಿಲ್ಲದೆ ಬಂಪರ್ ಒಡೆದ್ರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ಕೈಯಿಂದಲೇ ಹಾಕ್ಬೇಕು. ಓನರ್ ಡ್ರೈವರ್‌ಗೆ ಇರಬೇಕಾದ 15 ಲಕ್ಷದ ಅಪಘಾತ ಕವರ್ "ಬೇರೆ ಕಡೆ ಇದೆ" ಅಂತ ಟಿಕ್ ಆಗಿತ್ತು, ಮೇಷ್ಟ್ರಿಗೆ ಬೇರೆ ಎಲ್ಲೂ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಹೋದ ವರ್ಷ ಕ್ಲೇಮ್ ತಗೊಂಡಿದ್ರೂ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗೋ ರಿಯಾಯಿತಿ) 35% ಹಾಗೇ ಹಾಕಿತ್ತು. ನಾಳೆ ಆಕ್ಸಿಡೆಂಟ್ ಆದ್ರೆ ಕಂಪನಿಯವರು ಮೊದಲು ತೆಗೆಯೋದೇ ಈ ಕಾಗದ.

ಮಂಜಣ್ಣ ಖುಷಿಯಾಗಿ "ನೋಡಿ ಮೇಡಂ ಹೆಂಗೆ ಟೋಪಿ ಹಾಕ್ತಾರೆ" ಅಂದ್ರು. ನಾನು ಕೇಳಿದೆ, ಇದನ್ನ ಮೇಷ್ಟ್ರಿಗೆ ಹೇಳಿದ್ರಾ? ಇಲ್ಲ. ನೀವೇನು ಕಳಿಸಿದ್ರಿ? ಫೋನ್ ತೋರಿಸಿದ್ರು: "ಸರ್ ರಿನ್ಯೂವಲ್ ಡ್ಯೂ ಇದೆ, ಇಷ್ಟು ಕಟ್ಟಿ." ಅಷ್ಟೇ. ನಾಲ್ಕೈದು ವರ್ಷದಿಂದ ಎಲ್ಲರಿಗೂ ಅದೇ ಒಂದು ಸಾಲು. ನನಗನಿಸಿದ್ದನ್ನ ನೇರವಾಗೇ ಹೇಳಿದೆ, ಡ್ಯೂ ಡೇಟು ನೆನಪಿಸಿ ಒಂದು ಮೊತ್ತ ಹೇಳೋದಷ್ಟೇ ಏಜೆಂಟ್ ಕೆಲಸ ಆದ್ರೆ ಅದನ್ನ ಮಷೀನು ನಿಮಗಿಂತ ಚೆನ್ನಾಗಿ ಮಾಡುತ್ತೆ, ಜನ ಹೋಗೋದು ಸರಿನೇ. ನೀವು ಮುಂಚೆ ಮಾಡ್ತಿದ್ದ ಕೆಲಸ ಬೇರೆ, ಅದನ್ನ ಆ್ಯಪ್ ಕಿತ್ಕೊಳ್ಳಲಿಲ್ಲ, ನೀವೇ ಕೈಬಿಟ್ರಿ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಬೇಜಾರಾಯ್ತು ಅನ್ಸುತ್ತೆ. ಆಮೇಲೆ ಹೆಂಡತಿನೇ "ಮುಂಚೆ ಯಾರಾದ್ರೂ ಅಡ್ಮಿಟ್ ಆದ್ರೆ ಇವರು ಊಟ ಬಿಟ್ಟು ಓಡ್ತಿದ್ರು" ಅಂದ್ರು.

ಸಲಹೆ ಅಂತ ಕೊಟ್ಟಿದ್ದು ಇಷ್ಟು. ಕಮಿಷನ್ ವಾಪಸ್ ಕೊಡೋದನ್ನ ಅವತ್ತೇ ನಿಲ್ಲಿಸಿ. ವಿಮಾ ಕಾಯ್ದೆ 1938ರ ಸೆಕ್ಷನ್ 41ರ ಪ್ರಕಾರ ಅದು ಕೊಡೋದೂ ತಪ್ಪು ತಗೊಳ್ಳೋದೂ ತಪ್ಪು, ದಂಡ 10 ಲಕ್ಷದವರೆಗೂ ಇದೆ, ಅದೂ ಅಲ್ಲದೆ ರೇಟಿಗೋಸ್ಕರ ಉಳಿದವರು ಮುಂದಿನ ವರ್ಷ ಇನ್ನೂ ನೂರು ರೂಪಾಯಿ ಕಮ್ಮಿ ಸಿಕ್ಕ ಕಡೆ ಹೋಗೇ ಹೋಗ್ತಾರೆ. ಬೈಕಿನ ಪಾಲಿಸಿ ಹೋದ್ರೆ ಹೋಗಲಿ ಬಿಡಿ, ಅದಕ್ಕೆ ನಿದ್ದೆ ಕೆಡಿಸ್ಕೋಬೇಡಿ. ಯಾರಾದ್ರೂ ಆನ್‌ಲೈನ್ ಕೋಟ್ ತೋರಿಸಿದ್ರೆ ಮುಖ ಸಿಂಡರಿಸಬೇಡಿ, ಕಳಿಸಿ ನೋಡ್ತೀನಿ ಅನ್ನಿ, ಐಡಿವಿ, ಜೀರೋ ಡೆಪ್, ಬೋನಸ್ಸು, ಅಪಘಾತ ಕವರ್ ನಾಲ್ಕನ್ನೂ ಒಂದು ವಾಯ್ಸ್ ಮೆಸೇಜಲ್ಲಿ ಹೇಳಿ, ಆನ್‌ಲೈನ್‌ದೇ ಚೆನ್ನಾಗಿದ್ರೆ "ಅದನ್ನೇ ಮಾಡಿಸಿ ಸರ್" ಅಂತ ಬಾಯ್ಬಿಟ್ಟು ಹೇಳಿ. ಇದು ಹೇಳೋಕೆ ಎದೆಗಾರಿಕೆ ಬೇಕು. ಒಂದು ಸಲ ಹೇಳಿದ್ರೆ ಮನೆ ಹೆಲ್ತ್ ಪಾಲಿಸಿ ವಿಚಾರಕ್ಕೆ ಅವರು ನಿಮ್ಮನ್ನೇ ಕೇಳ್ತಾರೆ.

ನಿಜವಾದ ಕೆಲಸ ಇರೋದು ಹೆಲ್ತ್‌ನಲ್ಲಿ. ಫಾರಂ ತುಂಬೋವಾಗ ಆ್ಯಪು "ಯಾವುದಾದ್ರೂ ಕಾಯಿಲೆ ಇದೆಯಾ" ಅಂತ ಕೇಳುತ್ತೆ, ನಮ್ಮ ಜನ ಬಿಪಿ ಶುಗರ್ ಎಲ್ಲಾ ಕಾಯಿಲೆ ಲೆಕ್ಕಕ್ಕೇ ಇಡಲ್ಲ, ಇಲ್ಲ ಅಂತ ಒತ್ತಿಬಿಡ್ತಾರೆ. ನೀವು ಅವರ ಮನೇಲಿ ಕೂತು "ಅಮ್ಮಾ ಬೆಳಿಗ್ಗೆ ಯಾವ ಮಾತ್ರೆ ತಗೋತೀರಾ, ಡಬ್ಬಿ ತನ್ನಿ" ಅಂತ ಕೇಳಬಹುದು. ಸತ್ಯ ಬರೆದ್ರೆ 2024ರ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಹಳೇ ಕಾಯಿಲೆಗೆ ಕವರ್ ಸಿಗೋಕೆ ಕಾಯಬೇಕಾದ ಅವಧಿ ಹೆಚ್ಚೆಂದ್ರೆ 3 ವರ್ಷ, ಮುಚ್ಚಿಟ್ರೆ ಆಸ್ಪತ್ರೆ ಬೆಡ್ ಮೇಲೆ ಗೊತ್ತಾಗುತ್ತೆ. ರೂಂ ಬಾಡಿಗೆ ಮಿತಿ ಇದ್ದು ಮೇಲಿನ ರೂಂ ತಗೊಂಡ್ರೆ ಬಾಡಿಗೆ ಅಷ್ಟೇ ಅಲ್ಲ, ಡಾಕ್ಟರ್ ಫೀಸಿನಂಥ ಖರ್ಚುಗಳೂ ಅದೇ ಪ್ರಮಾಣದಲ್ಲಿ ಕಟ್ ಆಗಬಹುದು ಅನ್ನೋದನ್ನೂ ಆವಾಗಲೇ ಹೇಳಿ. ಕ್ಯಾಶ್‌ಲೆಸ್ (ಬಿಲ್ಲನ್ನ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟೋದು) ಡಿಸ್ಚಾರ್ಜ್‌ಗೆ ಆಸ್ಪತ್ರೆ ಕೇಳಿದ 3 ಗಂಟೆಯೊಳಗೆ ಕಂಪನಿ ಉತ್ತರ ಕೊಡ್ಬೇಕು, ಈ ನಿಯಮ ಗೊತ್ತಿರೋ ಒಬ್ಬ ಮನುಷ್ಯ ಕೌಂಟರ್ ಮುಂದೆ ನಿಂತ್ರೆ ಸಾಕು, ಆ ಮನೆಯವರು ಜನ್ಮದಲ್ಲಿ ಮರೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್, ಲೈಫ್ ಪಾಲಿಸಿಗೆ 18% ಜಿಎಸ್‌ಟಿ ಹೋಗಿದೆಯಲ್ಲ, ಆ ದುಡ್ಡಲ್ಲಿ ಕವರ್ ಜಾಸ್ತಿ ಮಾಡಿಸಬಹುದಾ ಅಂತ ಪ್ರತಿ ಮನೆಗೂ ಫೋನ್ ಮಾಡಿ, ಇವರು ಒಬ್ಬರಿಗೂ ಮಾಡಿರಲಿಲ್ಲ!

ಒಂದೇ ಕಂಪನಿ ಏಜೆಂಟ್ ಆಗಿರೋದ್ರಿಂದ ನಾಲ್ಕು ಕಂಪನಿ ರೇಟು ತೋರಿಸೋಕಾಗಲ್ಲ ಅನ್ನೋದು ಅವರ ಸಂಕಟ, ಅದು ನ್ಯಾಯವಾದದ್ದೇ. ಬ್ರೋಕರ್ ಕಡೆಯಿಂದ ಪಿಒಎಸ್‌ಪಿ (ಬ್ರೋಕರ್ ಪರವಾಗಿ ಪಾಲಿಸಿ ಮಾರೋ ವ್ಯಕ್ತಿ) ಆದ್ರೆ, 15 ಗಂಟೆ ಟ್ರೈನಿಂಗು ಒಂದು ಪರೀಕ್ಷೆ, ಹಲವು ಕಂಪನಿ ಪಾಲಿಸಿ ಮಾರಬಹುದು. ಆದ್ರೆ ಹಳೇ ಏಜೆನ್ಸಿ ಏನಾಗುತ್ತೆ ಅಂತ ಬ್ರಾಂಚಲ್ಲಿ ಲಿಖಿತವಾಗಿ ಕೇಳದೆ ಎರಡು ದೋಣಿ ಮೇಲೆ ಕಾಲಿಡಬೇಡಿ ಅಂದೆ. ಇನ್ನೂ ತೀರ್ಮಾನ ಮಾಡಿಲ್ಲ.

ಕ್ಲೇಮ್ ರಿಜೆಕ್ಟ್ ಆದವರ ಮನೆಗೆ ಹೋಗೋಕೆ ಅವರಿಗೆ ತುಂಬಾ ಕಷ್ಟ ಆಯ್ತು, ನಾನೂ ಬಲವಂತ ಮಾಡಲಿಲ್ಲ. ಕೊನೆಗೆ ಹೋದ್ರು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಪತ್ರ, ಅಲ್ಲಿ ಆಗದಿದ್ರೆ ಬೆಂಗಳೂರು ಜೆ.ಪಿ. ನಗರದಲ್ಲಿರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ದೂರು ವಿಚಾರಿಸೋ ಅಧಿಕಾರಿ) ಹತ್ರ, ಫೀಸಿಲ್ಲ, ವಕೀಲರು ಬೇಕಿಲ್ಲ. ಪತ್ರ ಇಬ್ಬರೂ ಕೂತು ಬರೆದಿದಾರೆ, ಗೆಲ್ಲುತ್ತೋ ಇಲ್ವೋ ನೋಡ್ಬೇಕು, ಶುಗರ್ ಮಾತ್ರೆ ವಿಷಯ ಫಾರಮ್ಮಲ್ಲಿ ಬಿಟ್ಟುಹೋಗಿರೋದಂತೂ ಹೌದು.

ಮಗನ ವಿಚಾರಕ್ಕೆ ನಾನು ಹೇಳಿದ್ದು, ಯಾಕೆ ನನ್ನತ್ರ ಮಾಡಿಸಲಿಲ್ಲ ಅಂತ ಕೇಳಬೇಡಿ, ಪಾಲಿಸಿ ಪಿಡಿಎಫ್ ಕಳ್ಸಪ್ಪ ಒಂದ್ಸಲ ನೋಡ್ತೀನಿ ಅನ್ನಿ. ಕಳಿಸಿದ್ನಂತೆ. ಎಲ್ಲಾ ಸರಿಯಾಗೇ ಇತ್ತಂತೆ, ಅದಕ್ಕೂ ಸ್ವಲ್ಪ ಬೇಜಾರು ಮಾಡ್ಕೊಂಡ್ರು.