ನೇರ ರವಾನೆಯೋ, ನಡುವಿನ ನೋಡ್‌ಗಳ ಮೂಲಕವೋ?

ಪ್ರಶ್ನೆ: ತಂತಿರಹಿತ ಸೆನ್ಸರ್ ಜಾಲದಲ್ಲಿ ಮಾಹಿತಿಯನ್ನು ಕೇಂದ್ರಕ್ಕೆ ನೇರವಾಗಿ ಕಳುಹಿಸುವ ಬದಲು ನಡುವಿನ ನೋಡ್‌ಗಳ (ಸೆನ್ಸರ್, ರೇಡಿಯೊ, ಬ್ಯಾಟರಿ ಇರುವ ಪುಟ್ಟ ಸಾಧನಗಳ) ಮೂಲಕ ದಾಟಿಸಿದರೆ ಬ್ಯಾಟರಿ ಉಳಿಯುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ನೋಡ್‌ಗಳನ್ನು ಹತ್ತಿರ ಹತ್ತಿರ ನೆಟ್ಟಷ್ಟೂ ಲಾಭವಲ್ಲವೇ?

ಉತ್ತರ: ಲಾಭವಿದೆ, ಆದರೆ ಒಂದು ದೂರದ ಆಚೆಗೆ ಮಾತ್ರ. ತೆರೆದ ಬಯಲಿನಲ್ಲಿ ಪ್ರಸಾರಕ್ಕೆ ಬೇಕಾಗುವ ಶಕ್ತಿಯು ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇದರ ಜೊತೆಗೆ, ಕಳುಹಿಸುವಾಗಲೂ ಸ್ವೀಕರಿಸುವಾಗಲೂ ರೇಡಿಯೊದ ಸರ್ಕಿಟ್ ತನ್ನ ಪಾಲಿನ ಶಕ್ತಿಯನ್ನು ಕಬಳಿಸುತ್ತದೆ. 2000ರಲ್ಲಿ ಎಂಐಟಿಯ ಹೈಂಜಲ್‌ಮನ್ ಮತ್ತು ಸಂಗಡಿಗರು ನೋಡ್‌ಗಳನ್ನು ಗುಂಪುಗಳಾಗಿಸಿ ಮಾಹಿತಿ ಕಳುಹಿಸುವ 'ಲೀಚ್' ಎಂಬ ವಿಧಾನವನ್ನು ಮಂಡಿಸುವಾಗ ಬಳಸಿದ ಮಾದರಿಯಲ್ಲಿ ಸರ್ಕಿಟ್‌ಗೆ ಪ್ರತಿ ಬಿಟ್‌ಗೆ 50 ನ್ಯಾನೊಜೌಲ್, ಸಂಕೇತದ ಬಲ ಹೆಚ್ಚಿಸುವ ಪ್ರವರ್ಧಕಕ್ಕೆ ಪ್ರತಿ ಬಿಟ್‌ಗೆ, ದೂರದ ವರ್ಗದ ಪ್ರತಿ ಚದರ ಮೀಟರಿಗೆ 0.1 ನ್ಯಾನೊಜೌಲ್ ಎಂದು ಹಿಡಿಯಲಾಗಿದೆ. ಅದರಂತೆ ಒಂದು ಬಿಟ್ ಅನ್ನು 100 ಮೀಟರ್ ನೇರವಾಗಿ ಕಳುಹಿಸಲು 1,050 ನ್ಯಾನೊಜೌಲ್ ಬೇಕು. ಮಧ್ಯದಲ್ಲೊಂದು ನೋಡ್ ಇಟ್ಟರೆ, ಅದು ಸ್ವೀಕರಿಸುವ ವೆಚ್ಚವೂ ಸೇರಿ 650 ಸಾಕು. ಆದರೆ 30 ಮೀಟರಿಗೆ ಇದೇ ಲೆಕ್ಕ ತಿರುವುಮುರುವಾಗಿ, ನೇರವಾಗಿ 140 ಇದ್ದದ್ದು ನಡುವೆ ನೋಡ್ ಬಂದೊಡನೆ 195 ಆಗುತ್ತದೆ. ಈ ಮಾದರಿಯಲ್ಲಿ ಗಡಿ ಸುಮಾರು 45 ಮೀಟರ್.

ಇಷ್ಟಾಗಿಯೂ, ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಮಾರ್ಗದ ಆಯ್ಕೆಗೆ ಕೊಡುವಷ್ಟು ಗಮನವನ್ನು ರೇಡಿಯೊದ ನಿದ್ದೆಗೆ ಕೊಡುವುದಿಲ್ಲ. ಬಹಳ ಬಳಕೆಯಲ್ಲಿದ್ದ ಸಿಸಿ2420 ಎಂಬ ರೇಡಿಯೊ ಚಿಪ್ ಪೂರ್ಣ ಬಲದಲ್ಲಿ ಕಳುಹಿಸುವಾಗ 17.4 ಮಿಲಿಆಂಪಿಯರ್ ಎಳೆದರೆ, ಸುಮ್ಮನೆ ಕಿವಿಗೊಟ್ಟು ಕೂತಾಗ 18.8 ಎಳೆಯುತ್ತದೆ! 2,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಹೀಗೆ ಆರು ದಿನವೂ ಬಾಳದು. ಬೇರೆಯವರ ಮಾಹಿತಿ ದಾಟಿಸಬೇಕಾದ ನೋಡ್ ಅದಕ್ಕಾಗಿ ಎಚ್ಚರವಿರಲೇಬೇಕಾದ್ದರಿಂದ, ನೋಡ್‌ಗಳು ಗೊತ್ತಾದ ಕ್ಷಣದಲ್ಲಿ ಮಾತ್ರ ಎದ್ದು ಉಳಿದ ಹೊತ್ತು ಮಲಗುವಂತೆ ವೇಳಾಪಟ್ಟಿ ಹೊಂದಿಸದೆ ದಾಟಿಸುವಿಕೆಯಿಂದ ಉಳಿತಾಯವನ್ನು ನಿರೀಕ್ಷಿಸಲಾಗದು.

ಇನ್ನೊಂದು ತೊಡಕೆಂದರೆ, ಎಲ್ಲರ ಹೊರೆಯೂ ಕೇಂದ್ರದ ಪಕ್ಕದ ನೋಡ್‌ಗಳ ಮೇಲೆ ಬಿದ್ದು ಅವೇ ಮೊದಲು ಬರಿದಾಗುತ್ತವೆ. ಆಮೇಲೆ ದೂರದ ನೋಡ್‌ಗಳಲ್ಲಿ ಶಕ್ತಿಯಿದ್ದರೂ ದಾರಿಯಿರುವುದಿಲ್ಲ. ಲೀಚ್‌ನಲ್ಲಿ ಗುಂಪಿನ ಮುಖ್ಯ ನೋಡ್ ಸರದಿಯಂತೆ ಬದಲಾಗುತ್ತ, ಸದಸ್ಯರ ಮಾಹಿತಿಯನ್ನು ಒಟ್ಟುಗೂಡಿಸಿ ಕುಗ್ಗಿಸಿ ಕಳುಹಿಸುವುದರಿಂದ ಹೊರೆ ಹಂಚಿಹೋಗುತ್ತದೆ. ಆದರೆ ಅಲ್ಲಿ ಮುಖ್ಯ ನೋಡ್ ಕೇಂದ್ರವನ್ನು ಒಂದೇ ನೆಗೆತಕ್ಕೆ ತಲುಪಬೇಕು. ನಿಮ್ಮ ಜಾಲ ಅದಕ್ಕಿಂತ ದೊಡ್ಡದಾದರೆ ಕೇಂದ್ರದ ಸುತ್ತಲಿನ ನೋಡ್‌ಗಳಿಗೆ ದೊಡ್ಡ ಬ್ಯಾಟರಿಯನ್ನೋ ಸಣ್ಣ ಸೌರಫಲಕವನ್ನೋ ಕೊಡುವುದು ಸರಳ ಉಪಾಯ.