ಆನೆಗೊಂದಿಯಲ್ಲಿ ಜಿಯೋಕ್ಯಾಶ್ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೆ ಒಳ್ಳೆಯದು?

ಎಲ್ಲೂ ಬಚ್ಚಿಡಬೇಡಿ. ಡಬ್ಬಿ ಬಚ್ಚಿಟ್ಟು, ಅದರ ಜಾಗದ ಅಕ್ಷಾಂಶ ರೇಖಾಂಶ ಕೊಟ್ಟು, ಜಿಪಿಎಸ್ ಹಿಡಿದು ಹುಡುಕಿಸುವ ಆಟ ಈ ಜಿಯೋಕ್ಯಾಶಿಂಗ್. ಗೆಳೆಯರಿಗೆ ಆಟ ಆಡಿಸುತ್ತಾ ಊರಿನ ಇತಿಹಾಸ ತೋರಿಸಬೇಕು ಅಂತೀರಲ್ಲ, ಗಂಗಾವತಿಯವನಾದ ನನಗೂ ಇದೇ ಹುಚ್ಚು ಹಿಡಿದಿತ್ತು.

2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ತೆಗೆದುಹಾಕಿತು. ಒಂದೆರಡು ದಿನದಲ್ಲೇ ಒರೆಗಾನ್‌ನಲ್ಲಿ ಒಬ್ಬಾತ ಕಾಡಿನಲ್ಲಿ ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಇಂಟರ್ನೆಟ್‌ಗೆ ಹಾಕಿದ. ಆಟ ಶುರುವಾಗಿದ್ದು ಹಾಗೆ. ಅಲ್ಲಿ ಅದು ಬರೀ ಬಕೆಟ್. ನಮ್ಮಲ್ಲಿ ಹಾಳು ಮಂಟಪದ ಹತ್ತಿರ ಕಲ್ಲಿನ ಸಂದಿಗೆ ಕೈ ಹಾಕಿದವನು ನಿಧಿಗಳ್ಳ.

ನಾನು ಡಬ್ಬಿ ಇಟ್ಟಿದ್ದು ಅಂಥದೇ ಸಂದಿಯಲ್ಲಿ. ಅಗೆದಿರಲಿಲ್ಲ, ಸುಮ್ನೆ ಒಳಗೆ ತಳ್ಳಿ ಮೇಲೊಂದು ಚಪ್ಪಡಿ ಮುಚ್ಚಿದ್ದೆ. ಸುತ್ತ ಎತ್ತರದ ಬಂಡೆಗಳಿದ್ದರೆ ಸಿಗ್ನಲ್ ಬಡಿದು ತಿರುಗಿ ಬರುತ್ತದೆ, ಮೊಬೈಲ್ ತೋರಿಸುವ ಜಾಗ ಹಲವು ಮೀಟರ್ ಆಚೀಚೆ ಆಗುತ್ತದೆ. ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಂದೇ ಸಲ ಅಳೆದು ಅಕ್ಷಾಂಶ ರೇಖಾಂಶದ ನಂಬರ್ ಕಳಿಸಿಬಿಟ್ಟೆ. ಬಂದ ಗೆಳೆಯರು ತಪ್ಪು ಜಾಗದಲ್ಲಿ ಒಂದೊಂದೇ ಕಲ್ಲು ಎತ್ತಿ ನೋಡತೊಡಗಿದರು. ಅದೂ ಸಂಜೆಗತ್ತಲಲ್ಲಿ, ಟಾರ್ಚ್ ಹಿಡಿದು! ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು, "ಏನ್ರೀ, ನಿಧಿ ತಗಿಯಾಕ ಬಂದೀರೇನು?" ಅಂದರು. ಹತ್ತು ನಿಮಿಷದಲ್ಲಿ ಅರ್ಧ ಊರು ಸೇರಿತು.

ಅವರ ಸಿಟ್ಟಿಗೆ ಕಾರಣ ಇತ್ತು. 2019ರ ಜುಲೈನಲ್ಲಿ ಇದೇ ಊರಿನ ಹೊಳೆ ನಡುವಿನ ನವಬೃಂದಾವನ ಗಡ್ಡೆಯಲ್ಲಿ ವ್ಯಾಸರಾಯರ ಬೃಂದಾವನವನ್ನು ನಿಧಿಗಳ್ಳರು ಕಿತ್ತು ಹಾಕಿದ್ದರು. ಭಕ್ತರು ಬೇಗನೇ ಮತ್ತೆ ಕಟ್ಟಿದರು ನಿಜ, ಆದರೆ ಅನುಮಾನ ಹೋಗುತ್ತದಾ? ಡಬ್ಬಿಯೊಳಗಿನ ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು ತೋರಿಸಿದರೂ ಯಾರೂ ನಂಬಲಿಲ್ಲ. ರಾತ್ರಿಯೆಲ್ಲ ಠಾಣೆಯ ಬೆಂಚೇ ಗತಿಯಾಯಿತು. ಗೆಳೆಯರಲ್ಲಿ ಇಬ್ಬರು ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ.

ಈ ಆಟದ ನಿಯಮದಲ್ಲೇ ಇದೆ: ಹೂಳಬಾರದು, ಜಾಗದವರ ಒಪ್ಪಿಗೆ ಬೇಕು. ಸ್ಮಾರಕದ ಕಲ್ಲು ಮುಟ್ಟಿದರಂತೂ ಕಾನೂನೇ ಬೇರೆ.

ಹಾಗಾಗಿ ಡಬ್ಬಿಯ ಬದಲು ಪ್ರಶ್ನೆ ಇಡಿ. ಗಗನ ಮಹಲ್ ಮುಂದೆ ನಿಂತು ಎಣಿಸುವಂಥದ್ದು ಒಂದು, ರಂಗನಾಥ ಗುಡಿಯ ಹತ್ತಿರ ಒಂದು. ಉತ್ತರದ ಅಂಕಿಗಳಿಂದ ಮುಂದಿನ ಜಾಗದ ನಂಬರ್ ಹುಟ್ಟಬೇಕು. ಒಂದು ಉತ್ತರವಾದರೂ ಊರಿನವರ ಬಾಯಿಂದಲೇ ಸಿಗುವ ಹಾಗಿರಲಿ. ಹೊಳೆಯೊಳಗಿನ ಅರವತ್ನಾಲ್ಕು ಕಂಬದ ಮಂಟಪ ಕೃಷ್ಣದೇವರಾಯನ ಸಮಾಧಿ ಅಂತ ಊರಿನವರು ನಂಬುತ್ತಾರೆ. ಕಟ್ಟೆ ಮೇಲೆ ಕೂತ ಅಜ್ಜನನ್ನು ಕೇಳಿ, ಆಪ್ ಹೇಳದ ಕಥೆ ಬರುತ್ತದೆ. ಕಥೆಯೆಲ್ಲಾ ನಿಜ ಅಂತ ನಾನು ಹೇಳುವುದಿಲ್ಲ, ಆದರೆ ಬಂಡೆ ಸಂದಿಯ ಪ್ಲಾಸ್ಟಿಕ್ ಡಬ್ಬಿಗಿಂತ ಜಾಸ್ತಿ ಇತಿಹಾಸ ಅದರಲ್ಲಿರುತ್ತದೆ.

ಡಬ್ಬಿ ಬೇಕೇ ಬೇಕು ಅಂದರೆ ಚಹಾ ಅಂಗಡಿಯವರನ್ನು ಕೇಳಿ ಅವರ ಗಲ್ಲಾದ ಪಕ್ಕ ಇಡಿ. ನವಬೃಂದಾವನದ ಸುತ್ತನ್ನು ಮಾತ್ರ ಮಳೆಗಾಲದಲ್ಲಿ ಬಿಟ್ಟುಬಿಡಿ. ತುಂಗಭದ್ರಾ ಡ್ಯಾಂನಿಂದ ನೀರು ಬಿಟ್ಟರೆ ಆ ಅರವತ್ನಾಲ್ಕು ಕಂಬದ ಮಂಟಪವೇ ಮುಳುಗುತ್ತದೆ, ಗಡ್ಡೆಗೆ ದೋಣಿಯೂ ಹೋಗುವುದಿಲ್ಲ.