ಟೊಮೆಟೊ: ಎಕರೆಗೆ ಖರ್ಚೆಷ್ಟು, ಬಾಕ್ಸ್ ಎಷ್ಟಕ್ಕೆ ಹೋದರೆ ಗಿಟ್ಟುತ್ತೆ

ಸರ್, ನೀವು ಕೇಳಿರುವುದು ಎರಡು. ಬೋರು, ಡ್ರಿಪ್ ಇರುವ ಒಂದು ಎಕರೆಗೆ ಟೊಮೆಟೊ ಹಾಕಿದರೆ ಖರ್ಚೆಷ್ಟು, ಉಳಿಯುವುದೆಷ್ಟು ಅನ್ನುವುದು ಒಂದು. ಕೋಲಾರದ ಮಂಡಿಯಲ್ಲಿ ಬಾಕ್ಸ್ ದರ ಏರಿದೆಯಲ್ಲ, ಈಗಲೇ ಸಸಿ ಬುಕ್ ಮಾಡಲಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ: ಇವತ್ತಿನ ದರ ನೋಡಿಕೊಂಡು ಬುಕ್ ಮಾಡಬೇಡಿ. ನರ್ಸರಿಯಲ್ಲಿ 25 ದಿನ, ನಾಟಿಯಾಗಿ 60-65 ದಿನ. ನಿಮ್ಮ ಮೊದಲ ಕೊಯ್ಲು ಮಂಡಿ ಮುಟ್ಟುವುದು ಮೂರು ತಿಂಗಳಾದ ಮೇಲೆ. ಇವತ್ತು ಟ್ರೇ ಬುಕ್ ಮಾಡುತ್ತಿರುವವರ ಕಾಯೆಲ್ಲ ಅದೇ ವಾರದಲ್ಲಿ ಬಂದು ಬೀಳುತ್ತೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್‌ಗೆ ಮಹಾರಾಷ್ಟ್ರದ ರೈತರು ಕೆಜಿಗೆ 3-5 ರೂಪಾಯಿ ಸಿಗುತ್ತಿದೆ ಅಂತ ಹಣ್ಣನ್ನು ರಸ್ತೆಗೆ ಸುರಿದರು.

ಈಗ ಖರ್ಚಿಗೆ ಬರೋಣ. ನಾನು ಹಿಡಿದಿರುವುದು ಲೆಕ್ಕಕ್ಕೊಂದು ಅಂದಾಜು ದರ, ನಿಮ್ಮೂರಿನ ದರ ಹಾಕಿ ಇನ್ನೊಮ್ಮೆ ಕೂಡಿ. ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇಟ್ಟರೆ ಎಕರೆಗೆ 5,800 ಗಿಡ. ಸತ್ತುಹೋಗುವುದಕ್ಕೂ ಸೇರಿಸಿ 6,000 ಸಸಿ, ಒಂದಕ್ಕೆ 1.25ರಂತೆ 7,500. ಸಾಲುಗಳ ಒಟ್ಟು ಉದ್ದ ಸುಮಾರು 2,650 ಮೀಟರ್. ಬೆಡ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್, 400 ಮೀಟರಿನ ರೋಲ್ ಏಳು ಬೇಕು, 14,000. ಉಳುಮೆ, ಬೆಡ್ 10,000. ಕೊಟ್ಟಿಗೆ ಗೊಬ್ಬರ 20,000. ಬುಡಕ್ಕೆ ಹಾಕುವುದು, ಡ್ರಿಪ್‌ನಲ್ಲಿ ಬಿಡುವುದು ಸೇರಿ ಗೊಬ್ಬರಕ್ಕೆ 25,000. ಔಷಧಿ 35,000. ತಂತಿ, ಟ್ವೈನ್ ದಾರ 8,000. ನಾಟಿ, ಕಡ್ಡಿ ನೆಡುವುದು, ಕಟ್ಟುವುದು, ಕಳೆ, ಔಷಧಿ ಹೊಡೆಯುವ ಕೂಲಿ 25,000. ಡ್ರಿಪ್ ಸವಕಳಿ 6,000.

ಗಿಡಕ್ಕೆ ಆಸರೆಯಾಗಿ ನೆಡುವ ನೀಲಗಿರಿ ಕಡ್ಡಿಯನ್ನು ಬೇರೆಯಾಗಿ ಲೆಕ್ಕ ಹಾಕಿ. ಆರು ಅಡಿಗೊಂದು ಅಂದರೆ 1,500 ಕಡ್ಡಿ, 25ರಂತೆ 37,500. ಕೈಯಿಂದ ಒಂದೇ ಸಲ ಹೋಗುವ ದುಡ್ಡು ಇದು, ಆದರೆ ಮೂರು ಬೆಳೆಗೆ ಬರುತ್ತೆ. ಹಾಗಾಗಿ ಈ ಬೆಳೆಯ ತಲೆಗೆ 12,500. ಒಟ್ಟು 1,63,000. ಇಷ್ಟೂ ಮೊದಲ ಕಾಯಿ ಬಿಡಿಸುವ ಮುಂಚೆ, ಇಲ್ಲವೇ ಬಿಡಿಸುತ್ತಲೇ, ಹೊಲಕ್ಕೆ ಇಳಿದುಹೋಗಿರುವ ದುಡ್ಡು.

ಇದರ ಮೇಲೆ ಬಾಕ್ಸ್ ಲೆಕ್ಕದ ಖರ್ಚು: ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಬಾಕ್ಸ್ ಬಾಡಿಗೆ, ಹಮಾಲಿ ಎಲ್ಲ ಸೇರಿ ಬಾಕ್ಸ್‌ಗೆ 45 ಹಿಡಿಯಿರಿ. ಜೊತೆಗೆ ಕಮಿಷನ್ ನೂರಕ್ಕೆ 10. ಕಮಿಷನ್ ಖರೀದಿದಾರ ಕೊಡಬೇಕಾದ್ದು, ರೈತನ ಮಾರಾಟದ ಪಟ್ಟಿಯಲ್ಲಿ (ಬಿಲ್‌ನಲ್ಲಿ) ಹಿಡಿಯುವಂತಿಲ್ಲ ಅಂತ ನಿಯಮ ಇದೆ. ಆದರೂ ಲೆಕ್ಕಕ್ಕೆ ಸಿಗದ ಬಿಳಿ ಚೀಟಿ ವ್ಯವಹಾರ ನಡೆಯುವ ಕಡೆ ಹಿಡಿಯುತ್ತಾರೆ, ಅದಕ್ಕೇ ಲೆಕ್ಕದಲ್ಲಿ ಇಟ್ಟಿದ್ದೇನೆ.

ಮಧ್ಯಮ ಇಳುವರಿ 1,800 ಬಾಕ್ಸ್, ಅಂದರೆ 27 ಟನ್. ಬಾಕ್ಸ್ 150ಕ್ಕೆ ಹೋದರೆ ಕಮಿಷನ್ 15, ಖರ್ಚು 45 ಕಳೆದು ಕೈಗೆ 90. 1,800 ಬಾಕ್ಸ್‌ಗೆ 1,62,000. ಹಾಕಿದ ದುಡ್ಡು ಹಾಕಿದಷ್ಟಕ್ಕೇ ಬಂತು, ನಿಮ್ಮ ಮನೆಯವರ ಕೂಲಿ, ಹೊಲದ ಗುತ್ತಿಗೆ, ಸಾಲದ ಬಡ್ಡಿ ಇದರಲ್ಲಿಲ್ಲ. 100ಕ್ಕೆ ಹೋದರೆ ಕೈಗೆ 45, ಅರ್ಧ ಬಂಡವಾಳ ಹೋಯಿತು. 300 ಸಿಕ್ಕರೆ 4,05,000. 50ಕ್ಕೆ ಬಿದ್ದರೆ ಕಮಿಷನ್ 5, ಖರ್ಚು 45, ಕೈಗೆ ಸೊನ್ನೆ.

ಇಲ್ಲಿ ಎರಡು ದರ ಮನಸ್ಸಿನಲ್ಲಿಟ್ಟುಕೊಳ್ಳಿ: 150 ಬಂಡವಾಳ ಬರುವ ದರ, 50 ಬಿಡಿಸುವ ದರ. ಇವೆರಡರ ನಡುವೆ ದರ ಇದ್ದರೆ ನಷ್ಟವಾದರೂ ಬಿಡಿಸಲೇಬೇಕು, ಯಾಕೆಂದರೆ ಬಿಟ್ಟರೆ ನಷ್ಟ ಇನ್ನೂ ಹೆಚ್ಚು. ಎಲ್ಲರೂ ಹೀಗೇ ಬಿಡಿಸುವುದರಿಂದಲೇ ದರ ಬಿದ್ದಾಗಲೂ ಆವಕ, ಅಂದರೆ ಮಂಡಿಗೆ ಬರುವ ಮಾಲು, ಕಡಿಮೆಯಾಗುವುದಿಲ್ಲ, ದರ ಸೀದಾ ತಳ ಮುಟ್ಟುತ್ತೆ. 50ರ ಕೆಳಗೆ ಹೋದಾಗ ಹೊಲದಲ್ಲೇ ಬಿಡುವುದು ಹುಂಬತನ ಅಲ್ಲ, ಸರಿಯಾದ ಲೆಕ್ಕವೇ. ಟಿವಿಯವರಿಗೆ ಮಾತ್ರ ಅದು ಪ್ರತಿ ವರ್ಷ ಹೊಸ ಸುದ್ದಿ.

ಹೊಸಬರು ಎಡವುವುದು ಸರಾಸರಿ ದರದಲ್ಲಿ. ಮೊದಲ ಮೂರು ಕೊಯ್ಲಿಗೆ 250 ಬಾಕ್ಸ್ 400ರಂತೆ ಹೋಯಿತು ಅಂತಿಟ್ಟುಕೊಳ್ಳಿ. ನಡುವಿನ ಆರು ಕೊಯ್ಲಿಗೆ 1,150 ಬಾಕ್ಸ್ 110ರಂತೆ, ಕೊನೆಯ 400 ಬಾಕ್ಸ್ 250ರಂತೆ. ಬಾಯಿಲೆಕ್ಕದಲ್ಲಿ ಸರಾಸರಿ 250 ಬಂದಹಾಗೆ ಕಾಣುತ್ತೆ, ನಿಜಕ್ಕೆ 181. ಎಲ್ಲ ಕಳೆದು ಉಳಿಯುವುದು ಐವತ್ತು ಸಾವಿರದ ಹತ್ತಿರ. ಕಾಯಿ ದಂಡಿಯಾಗಿ ಬರುವ ಆ ಮೂರು ವಾರ ಯಾವ ದರಕ್ಕೆ ಸಿಕ್ಕಿತು ಅನ್ನುವುದರ ಮೇಲೆ ಇಡೀ ಬೆಳೆ ನಿಂತಿದೆ. ಅದಕ್ಕೇ ಒಂದು ಎಕರೆಯನ್ನು ಒಂದೇ ದಿನ ನಾಟಿ ಮಾಡಬೇಡಿ. ಅರ್ಧ ಎಕರೆ ಈಗ, ಇನ್ನರ್ಧ 30-35 ದಿನ ಬಿಟ್ಟು. ಎರಡನೆಯ ತುಂಡಿಗೆ ರೋಗದ ಕಾಟ ಜಾಸ್ತಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಗಾಳಿ ಮೊದಲು ಹೊಸ ಗಿಡ ದಾಟಿ ಆಮೇಲೆ ಹಳೆಯದಕ್ಕೆ ಹೋಗುವಂತೆ ಹಾಕಿ. ಹಳೆಯ ಗಿಡದಿಂದ ಎಲೆ ಮುದುಡು ರೋಗ ಹರಡುವ ಬಿಳಿನೊಣ ಗಾಳಿಯ ಜೊತೆ ಹೊಸದಕ್ಕೆ ಬರುವುದು ಕಡಿಮೆಯಾಗುತ್ತೆ.

ದರ ಇಷ್ಟು ಕುಣಿಯುವುದು ಯಾಕೆ ಅಂತ ಕೇಳಬಹುದು. ಟೊಮೆಟೊ ಅಗ್ಗವಾಯಿತು ಅಂತ ಯಾರೂ ಸಾರಿಗೆ ಎರಡರಷ್ಟು ಹಾಕುವುದಿಲ್ಲ, ತುಟ್ಟಿಯಾಯಿತು ಅಂತ ಪೂರ್ತಿ ಬಿಡುವುದೂ ಇಲ್ಲ. ಆವಕದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ದರದಲ್ಲಿ ಮೂರು ಪಟ್ಟು ಕಾಣುತ್ತೆ. ಈರುಳ್ಳಿ, ಆಲೂಗಡ್ಡೆಯ ಹಾಗೆ ತಿಂಗಳುಗಟ್ಟಲೆ ಇಡುವ ಸರಕೂ ಅಲ್ಲ. ದೇಶದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ತನಕ ಉತ್ತರದ ಬಯಲಿನದೂ ಸೇರಿ ಎಲ್ಲ ಕಡೆಯ ಬೆಳೆ ಬರುತ್ತೆ. ಜುಲೈ-ಆಗಸ್ಟ್, ಅಕ್ಟೋಬರ್-ನವೆಂಬರ್ ಆವಕ ತೆಳು. ಕೋಲಾರ, ಆಂಧ್ರದ ಮದನಪಲ್ಲಿಗೆ ಹೊರರಾಜ್ಯದ ಲಾರಿ ಸಾಲುಗಟ್ಟುವುದು ಆ ಮಳೆಗಾಲದ ಹೊತ್ತಲ್ಲೇ. ಆಮೇಲೆ ಮಹಾರಾಷ್ಟ್ರದ ನಾಸಿಕ್, ನಾರಾಯಣಗಾಂವ್ ಕಡೆಯ ಹಣ್ಣು ಶುರುವಾದರೆ ದೆಹಲಿಯವರಿಗೆ ಅದೇ ಹತ್ತಿರ. ಸಸಿ ಬುಕ್ ಮಾಡುವ ಮುಂಚೆ ಅಲ್ಲಿ ನಾಟಿ ಹೇಗಿದೆ ಅಂತ ಬೀಜದ ಅಂಗಡಿಯವರನ್ನು ವಿಚಾರಿಸಿ. ಇವತ್ತಿನ ಕೋಲಾರದ ದರಕ್ಕಿಂತ ಆ ಸುದ್ದಿ ಬೆಲೆಬಾಳುತ್ತೆ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು "ಸಾಸ್ ಫ್ಯಾಕ್ಟರಿ ಹಾಕಿದರೆ ಸಮಸ್ಯೆ ಮುಗೀತು" ಅಂದಿದ್ದಾರೆ. ಮುಗಿಯಲ್ಲ. ನಮ್ಮ ಹಣ್ಣಿನ ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಸಕ್ಕರೆ ಮುಂತಾದ ಸತ್ವ, ನೂರಕ್ಕೆ ನಾಲ್ಕೂವರೆ ಆಸುಪಾಸು, ಪೇಸ್ಟ್‌ಗೆ 28 ಬೇಕು. ಒಂದು ಕೆಜಿ ಪೇಸ್ಟ್‌ಗೆ ಆರು ಕೆಜಿಗೂ ಮೇಲೆ ಹಣ್ಣು. ಬಾಕ್ಸ್ 150 ಇರುವಾಗ ಹಣ್ಣಿನ ಖರ್ಚೇ 60 ರೂಪಾಯಿ ದಾಟುತ್ತೆ, ಇಂಧನ ಬೇರೆ. ಹಾಗಾಗಿ ಫ್ಯಾಕ್ಟರಿಯವರು ಕೊಳ್ಳಲು ಬರುವುದು ದರ ನೆಲಕಚ್ಚಿದಾಗಲೇ. ನಾವು ಹಾಕುವುದು ದೂರ ಸಾಗಿಸಲು ಆರಿಸಿದ ದಪ್ಪ ಸಿಪ್ಪೆಯ ಹೈಬ್ರಿಡ್, ಪೇಸ್ಟ್‌ಗೆ ಅಂತಲೇ ಬೆಳೆಸುವ ತಳಿಗಳು ಬೇರೆ.

ಸರ್ಕಾರದ ಕಡೆಯಿಂದ ಹೆಚ್ಚು ನಿರೀಕ್ಷೆ ಬೇಡ. ತರಕಾರಿಗೆ ಕೇಂದ್ರದ ಬೆಂಬಲ ಬೆಲೆ ಇಲ್ಲ. ದರ ಕುಸಿದಾಗ ನೆರವಿಗೆ ಬರುವ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ, ಆದರೆ ರಾಜ್ಯ ಕೇಳಬೇಕು, ನಷ್ಟದಲ್ಲಿ ಅರ್ಧ ಹೊರಬೇಕು. ಕಾಗದ ಓಡಾಡುವಷ್ಟರಲ್ಲಿ ಹಣ್ಣು ಕೊಳೆತಿರುತ್ತೆ. ಕೇರಳ 2020ರ ನವೆಂಬರ್‌ನಿಂದ 16 ಬೆಳೆಗೆ ಮೂಲ ಬೆಲೆ ಜಾರಿಗೆ ತಂದಿತು, ನಮ್ಮಲ್ಲಿ ಆ ಥರದ್ದಿಲ್ಲ. ದರ ಏರಿದಾಗ ಮಾತ್ರ ಕೈ ಚುರುಕು: 2023ರ ಜುಲೈನಲ್ಲಿ ಕೇಂದ್ರದ ಪರವಾಗಿ ಗ್ರಾಹಕ ಸಹಕಾರ ಒಕ್ಕೂಟ ಎನ್‌ಸಿಸಿಎಫ್ ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಗೆ ಶುರುಮಾಡಿ ವಾರದೊಳಗೆ 70ಕ್ಕೆ ಇಳಿಸಿ ಮಾರಿತು, ಆಗಸ್ಟ್‌ನಲ್ಲಿ ನೇಪಾಳದಿಂದ ತರಿಸಿದರು. ಗ್ರಾಹಕ ಕೊಡುವ ರೂಪಾಯಿಯಲ್ಲಿ ಟೊಮೆಟೊ ರೈತನಿಗೆ ಸೇರುವುದು ಸುಮಾರು 33 ಪೈಸೆ ಅಂತ 2024ರಲ್ಲಿ ರಿಸರ್ವ್ ಬ್ಯಾಂಕಿನ ಒಂದು ಅಧ್ಯಯನ ಪ್ರಬಂಧ ಲೆಕ್ಕ ಹಾಕಿದೆ. ಬೆಳೆ ವಿಮೆ ನಿಮ್ಮ ಹೋಬಳಿಗೆ ಅಧಿಸೂಚನೆ ಆಗಿದ್ದರೆ ಕಟ್ಟಿ, ಆದರೆ ಅದು ಇಳುವರಿ ಹೋದರೆ ಬರುವಂಥದ್ದು, ದರ ಬಿದ್ದರೆ ಅಲ್ಲ.

ನಿಮ್ಮ ಕೈಯಲ್ಲಿರುವುದು ಬಾಕ್ಸ್ ಸಂಖ್ಯೆ ಮತ್ತು ಸೋರಿಕೆ. ಮೊದಲ ಸೋರಿಕೆ ತೂಕ. ಹರಾಜು ಬಾಕ್ಸ್ ಲೆಕ್ಕದಲ್ಲಿ, ತಕ್ಕಡಿ ಇಲ್ಲ. ತಲೆ ತುಂಬಿ 16 ಕೆಜಿ ಹೋದರೆ 1,800 ಬಾಕ್ಸ್‌ನಲ್ಲಿ 1,800 ಕೆಜಿ, ಅಂದರೆ 15 ಕೆಜಿಯ 120 ಬಾಕ್ಸ್ ಪುಕ್ಕಟೆ ಕೊಟ್ಟಂತೆ. ಹೊಲದಲ್ಲೇ ತೂಕದ ಯಂತ್ರ ಇಟ್ಟು ಮೊದಲ ಹತ್ತು ಬಾಕ್ಸ್ ತೂಗಿ, ಆ ಮಟ್ಟವನ್ನು ತುಂಬುವವರಿಗೆ ತೋರಿಸಿ. ತೀರಾ ಕಡಿಮೆ ತುಂಬಿದರೆ ಹರಾಜಿನಲ್ಲಿ ದರ ಬೀಳುತ್ತೆ, ಅದೂ ನೆನಪಿರಲಿ. ಎರಡನೆಯದು ಸಾಲ. ಮಂಡಿಯಿಂದ ಮುಂಗಡ ತಗೊಂಡರೆ ಕಾಯಿ ಅಲ್ಲಿಗೇ ಹಾಕಬೇಕು, ಪಕ್ಕದ ಮಂಡಿಯಲ್ಲಿ 20 ಹೆಚ್ಚು ಹೋದರೂ ನೋಡುತ್ತಾ ನಿಲ್ಲಬೇಕು. ಔಷಧಿ ಅಂಗಡಿಯ ಉದ್ದರಿಯಲ್ಲೂ ಬಡ್ಡಿ ಬೆಲೆಯೊಳಗೇ ಕೂತಿರುತ್ತೆ.

ಬಾಕ್ಸ್ ಸಂಖ್ಯೆ ಕಡಿಮೆ ಮಾಡುವುದು ಎಲೆ ಮುದುಡು ರೋಗ ಮತ್ತು ಕಾಯಿ ಕೊರೆಯುವ ಊಜಿ ಹುಳ. ಮುದುಡು ನಾಟಿಯಾದ ಮೊದಲ ತಿಂಗಳಲ್ಲಿ ಹತ್ತಿದರೆ ಆ ಗಿಡದಿಂದ ಕಾಯಿ ಬರುವುದಿಲ್ಲ, ಕಿತ್ತು ಹೂಳಿ. ಸಸಿಯನ್ನು ಬಿಳಿನೊಣ ನುಸುಳದ 40-50 ಮೆಶ್ ಪರದೆಯೊಳಗೆ ಬೆಳೆಸುವ ನರ್ಸರಿಯಿಂದಲೇ ತನ್ನಿ, ಬಾಗಿಲು ತೆರೆದಿಟ್ಟ ನರ್ಸರಿಯಾದರೆ ವಾಪಸ್ ಬನ್ನಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿಗೆ ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ (ಅರ್ಲಿ ಬ್ಲೈಟ್) ತಡೆ ಇದೆ, ಆದರೆ ನಿಮ್ಮ ಮಂಡಿಯ ಖರೀದಿದಾರರು ಯಾವ ಹಣ್ಣಿಗೆ ದರ ಕೂಗುತ್ತಾರೆ ಅಂತ ನೋಡಿಯೇ ತಳಿ ಆರಿಸಿ. ಊಜಿಗೆ, ಅಂದರೆ ಟ್ಯೂಟಾಗೆ, ನಾಟಿಯಾದ ವಾರದಲ್ಲೇ ಎಕರೆಗೆ 16 ಮೋಹಕ ಬಲೆ (ಫೆರೊಮೋನ್ ಟ್ರ್ಯಾಪ್) ಹಾಕಿ. ಹುಳ ಕಾಯಿಯೊಳಗೆ ಹೊಕ್ಕಮೇಲೆ ಹೊಡೆದ ಔಷಧಿ ದುಡ್ಡಿಗೆ ದಂಡ.

ದರ 50ರ ಕೆಳಗೆ ಕೂತು ಎರಡು ಕೊಯ್ಲಾದರೂ ಏಳದಿದ್ದರೆ ಔಷಧಿ, ಗೊಬ್ಬರ ನಿಲ್ಲಿಸಿ. ಗಿಡ ಬುಡಕ್ಕೆ ಕತ್ತರಿಸಿ, ಅದೇ ಮಲ್ಚಿಂಗ್, ಅದೇ ಕಡ್ಡಿ, ಅದೇ ಡ್ರಿಪ್ ಮೇಲೆ ಹೀರೆ, ಹಾಗಲ ಇಲ್ಲವೇ ಬಳ್ಳಿ ಬೀನ್ಸ್ ಊರಿ. ಉಳುಮೆ, ಮಲ್ಚಿಂಗ್, ಕೊಟ್ಟಿಗೆ ಗೊಬ್ಬರದ 44,000 ಎರಡನೆಯ ಸಲ ಹಾಕಬೇಕಾಗಿಲ್ಲ. ಬದನೆ, ಮೆಣಸಿನಕಾಯಿ, ಆಲೂ ಮಾತ್ರ ಆ ಬೆಡ್‌ಗೆ ಬೇಡ, ಸೊರಗು ರೋಗದ ಮಣ್ಣಾಗಿದ್ದರೆ ಮೊದಲು ಹೋಗುವುದು ಅವೇ.